ಡೆಟ್ರಾಯಿಟ್‌ನಲ್ಲಿ ನೋಡಲಿಕ್ಕೆ ಎಂತ ಉಂಟು?



ಅಮೆರಿಕದಿಂದ ವಾಪಸ್ ಬಂದ ಮೇಲೆ ಊರಿನಲ್ಲಿ ನನಗೊಂದು ಹೊಸ ಕೆಲಸ ಸಿಕ್ಕಿದೆ, ಸಂಬಳ ಇಲ್ಲದ್ದು. ಮದುವೆ ಮನೆಯಲ್ಲೋ ಜುಮಾ ಮುಗಿದು ಹೊರಗೆ ಚಪ್ಪಲಿ ಹುಡುಕುವಾಗಲೋ ಯಾರಾದರೂ ಹೆಗಲಿಗೆ ಕೈ ಹಾಕಿ ಕೇಳುತ್ತಾರೆ: "ಮಗ ಡೆಟ್ರಾಯಿಟ್ ಹತ್ತಿರ ಇದ್ದಾನೆ. ಸೊಸೆಯ ಹೆರಿಗೆಗೆ ನಾವಿಬ್ಬರೂ ಹೋಗುವವರಿದ್ದೇವೆ. ನೀನು ಹತ್ತು ವಾರ ಇದ್ದೆಯಲ್ಲ, ಅಲ್ಲಿ ನೋಡಲಿಕ್ಕೆ ಎಂತ ಉಂಟು?" ಈ ವರ್ಷ ಮೂರು ಮನೆಯವರು ಕೇಳಿದರು. ಒಬ್ಬೊಬ್ಬರಿಗೆ ಬಾಯಲ್ಲಿ ಹೇಳುವುದಕ್ಕಿಂತ ಒಂದೇ ಸಲ ಬರೆದುಬಿಡುತ್ತೇನೆ. ಬರೆಯುವಾಗ ನನ್ನ ಅಭಿಪ್ರಾಯವೂ ಬರುತ್ತದೆ, ಕೋಪವೂ ಸ್ವಲ್ಪ ಬರುತ್ತದೆ. ಕೋಪ ನನ್ನ ಮೇಲೆಯೇ. ಅದು ಯಾಕೆಂದು ಕೊನೆಗೆ ಗೊತ್ತಾಗುತ್ತದೆ.

ಸಾಮಾನ್ಯವಾಗಿ ನಮ್ಮವರು ಹೋದರೆ ಮಕ್ಕಳು ಎರಡು ಕಡೆ ಕರೆದುಕೊಂಡು ಹೋಗುತ್ತಾರೆ. ಒಂದು ಮಾಲ್, ಇನ್ನೊಂದು ನಯಾಗರ. ನಯಾಗರ ಚಂದವೇ. ಆದರೆ ಡೆಟ್ರಾಯಿಟ್‌ನಿಂದ ಹತ್ತಿರದ ದಾರಿ ಕೆನಡಾದ ಒಳಗಿಂದ ಹೋಗುತ್ತದೆ, ಅದಕ್ಕೆ ಬೇರೆಯೇ ವೀಸಾ ಬೇಕು. ಮಾಲ್ ನಮ್ಮ ಮಂಗಳೂರಿನಲ್ಲೂ ಉಂಟು. ಇವೆರಡನ್ನು ನೋಡಿ ಬಂದು "ಡೆಟ್ರಾಯಿಟ್‌ನಲ್ಲಿ ಎಂತದೂ ಇಲ್ಲ, ಹಾಳು ಬಿದ್ದ ಊರು" ಅಂತ ಹೇಳುವವರನ್ನು ನಾನು ಒಪ್ಪುವುದಿಲ್ಲ. ಹಾಳು ಬಿದ್ದದ್ದು ನಿಜ. 1950ರಲ್ಲಿ ಹದಿನೆಂಟು ಲಕ್ಷಕ್ಕೂ ಹೆಚ್ಚು ಜನ ಇದ್ದ ಪಟ್ಟಣದಲ್ಲಿ 2020ರ ಜನಗಣತಿಗೆ ಉಳಿದವರು ಆರೂವರೆ ಲಕ್ಷದೊಳಗೆ. ಇಷ್ಟೆಲ್ಲ ಕಳೆದುಕೊಂಡ ಜನ ಹಠ ಹಿಡಿದು ಉಳಿಸಿಕೊಂಡದ್ದು ಏನು ಅಂತ ನೋಡುವುದಾದರೆ ಆ ಊರಿನಷ್ಟು ಒಳ್ಳೆಯ ಊರು ಇಲ್ಲ. ನನ್ನ ಪಟ್ಟಿಯೆಲ್ಲ ಅದರ ಮೇಲೆಯೇ ನಿಂತಿದೆ.

ಮೊದಲು ಒಂದು ಬಸ್ಸು ನೋಡಿ.

ಡೆಟ್ರಾಯಿಟ್‌ಗೆ ತಾಗಿಕೊಂಡೇ ಡಿಯರ್‌ಬಾರ್ನ್ ಉಂಟು. ಮಂಜೇಶ್ವರ ಎಲ್ಲಿ ಮುಗಿಯಿತು, ಹೊಸಂಗಡಿ ಎಲ್ಲಿ ಶುರುವಾಯಿತು ಅಂತ ಹೊಸಬರಿಗೆ ತಿಳಿಯುವುದಿಲ್ಲವಲ್ಲ, ಹಾಗೆ. ಅಲ್ಲಿನ ಹೆನ್ರಿ ಫೋರ್ಡ್ ಮ್ಯೂಸಿಯಂ ಒಳಗೆ ಹಳದಿ, ಹಸಿರು, ಬಿಳಿ ಬಣ್ಣದ ಸಾಧಾರಣ ಸಿಟಿ ಬಸ್ಸೊಂದು ನಿಂತಿದೆ. 1955ರ ಡಿಸೆಂಬರ್ 1ರಂದು ಅಲಬಾಮಾದ ಮಾಂಟ್‌ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಎಂಬ ಕರಿಯ ಹೆಂಗಸು ಬಿಳಿಯರಿಗೆ ಸೀಟು ಬಿಟ್ಟುಕೊಡುವುದಿಲ್ಲ ಅಂದದ್ದು ಈ ಬಸ್ಸಿನಲ್ಲಿ. ಆಕೆಯನ್ನು ಬಂಧಿಸಿದರು. ಊರಿನ ಕರಿಯ ಜನ 381 ದಿನ ಬಸ್ಸು ಹತ್ತದೆ ನಡೆದೇ ಕೆಲಸಕ್ಕೆ ಹೋದರು. ಮುಂದೆ ಆಕೆ 1957ರಲ್ಲಿ ಡೆಟ್ರಾಯಿಟ್‌ಗೇ ಬಂದು ನೆಲೆಸಿ, 2005ರಲ್ಲಿ ಅಲ್ಲೇ ತೀರಿಹೋದರು.

ಆ ಬಸ್ಸಿನೊಳಗೆ ಹತ್ತಲಿಕ್ಕೆ, ಸೀಟಿನಲ್ಲಿ ಕೂರಲಿಕ್ಕೆ ಬಿಡುತ್ತಾರೆ. ಮಕ್ಕಳನ್ನು ಕೂರಿಸಿ ಕಥೆ ಹೇಳಿ. ಆದರೆ ನನಗೆ ಹೆಚ್ಚು ನಾಟಿದ್ದು ಬಸ್ಸಿನ ಮುಂದಿನ ಕಥೆ. ಎಪ್ಪತ್ತರ ದಶಕದ ಆರಂಭದಲ್ಲಿ ಕಂಪನಿಯವರು ಇದನ್ನು ಹಳೆ ಬಸ್ಸು ಅಂತ ಮಾರಿದರು. ಕೊಂಡವರು ಗದ್ದೆಯಲ್ಲಿ ನಿಲ್ಲಿಸಿ, ಮರದ ಹಲಗೆ ಮತ್ತು ಹತ್ಯಾರು ತುಂಬಿಡುವ ಕೊಟ್ಟಿಗೆ ಮಾಡಿಕೊಂಡರು. ಸುಮಾರು ಮೂವತ್ತು ವರ್ಷ ತುಕ್ಕು ಹಿಡಿಯುತ್ತ ಅಲ್ಲೇ ಇತ್ತು. ಅದರ ಇತಿಹಾಸ ಆ ಮನೆಯವರಿಗೆ ಗೊತ್ತಿದ್ದರಿಂದ ಗುಜರಿಗೆ ಹೋಗಲಿಲ್ಲ. 2001ರಲ್ಲಿ ಮ್ಯೂಸಿಯಂ ಹರಾಜಿನಲ್ಲಿ 4,92,000 ಡಾಲರ್ ಕೊಟ್ಟು ಕೊಂಡು, ಮೊದಲಿನ ರೂಪಕ್ಕೆ ತಂದಿತು. ತುಕ್ಕು ಹಿಡಿದ ತಗಡಿಗೆ ಅಷ್ಟು ದುಡ್ಡಾ ಅಂತ ನಮ್ಮೂರ ಗುಜರಿಯವನು ನಗಬಹುದು. ನಗಲಿ.

ಅದೇ ಮ್ಯೂಸಿಯಂನಲ್ಲಿ ನನ್ನಂಥ ಮೆಕ್ಯಾನಿಕಲ್ ಡಿಪ್ಲೊಮಾದವನು ಊಟ ಮರೆಯುವ ಜಾಗ ಎಂಜಿನ್‌ಗಳ ವಿಭಾಗ. ಮೊದಲ ವರ್ಷದ ಪುಸ್ತಕದಲ್ಲಿ ನ್ಯೂಕಾಮೆನ್ ಎಂಜಿನ್ ಚಿತ್ರ ಬರೆದು ಅಂಕ ತೆಗೆದುಕೊಂಡಿದ್ದೆ, ಅಂಥದ್ದೊಂದು ಎದುರಿಗೆ ನಿಂತಿರುತ್ತದೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ. ಸುಮಾರು 1760ರ ಹೊತ್ತಿಗೆ ಇಂಗ್ಲೆಂಡಿನ ಕಲ್ಲಿದ್ದಲು ಗಣಿಯಿಂದ ನೀರೆತ್ತಲು ಮಾಡಿದ ಎಂಜಿನ್ ಅದು. ಸಿಲಿಂಡರಿನೊಳಗೆ ಹಬೆ ತುಂಬಿ, ಅದಕ್ಕೆ ತಣ್ಣೀರು ಚಿಮ್ಮಿಸಿದರೆ ಹಬೆ ನೀರಾಗಿ ಒಳಗೆ ಖಾಲಿ ಆಗುತ್ತದೆ, ಹೊರಗಿನ ಗಾಳಿಯೇ ಪಿಸ್ಟನನ್ನು ಕೆಳಗೆ ಒತ್ತುತ್ತದೆ. ನಮ್ಮ ಏತದ ಹಾಗೆ ಮೇಲೊಂದು ದೊಡ್ಡ ತೊಲೆ, ಒಂದು ತುದಿ ಇಳಿದರೆ ಇನ್ನೊಂದು ಏರುತ್ತದೆ. ಹತ್ತಿರದಲ್ಲೇ ಉಗಿಬಂಡಿ, ರೈಲು ಎಂಜಿನ್, ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಗೆ ವಿದ್ಯುತ್ ಕೊಡುತ್ತಿದ್ದ ಮನೆಯೆತ್ತರದ ಯಂತ್ರ. ಮ್ಯೂಸಿಯಂ ಪಕ್ಕದ ಗ್ರೀನ್‌ಫೀಲ್ಡ್ ವಿಲೇಜ್‌ನಲ್ಲಿ ರೈಟ್ ಸಹೋದರರ ಸೈಕಲ್ ಅಂಗಡಿಯನ್ನು ಓಹಾಯೊದಿಂದ ಕಿತ್ತು ತಂದು ನಿಲ್ಲಿಸಿದ್ದಾರೆ. ವಿಮಾನ ಹುಟ್ಟಿದ್ದು ಒಂದು ಅಂಗಡಿಯಲ್ಲಿ! ಅಂಗಡಿಯವನ ಮಗನಾದ ನಾನು ಅಲ್ಲಿ ಹೆಚ್ಚು ಹೊತ್ತು ನಿಂತೆ. ವಿಲೇಜ್ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಆದ್ದರಿಂದ ಮೇಯಿಂದ ಅಕ್ಟೋಬರ್ ಒಳಗೆ ಹೋಗುವುದು ಒಳ್ಳೆಯದು. ಮ್ಯೂಸಿಯಂನಿಂದಲೇ ರೂಜ್ ಕಾರ್ಖಾನೆಗೆ ಬಸ್ಸು ಬಿಡುತ್ತಾರೆ. ಪಿಕಪ್ ಗಾಡಿಗಳು ಜೋಡಣೆಯಾಗುವುದನ್ನು ಮೇಲಿನ ದಾರಿಯಲ್ಲಿ ನಡೆಯುತ್ತ ಕೆಳಗೆ ನೋಡಬಹುದು. ಭಾನುವಾರ ಹೋಗಿ ನಿರಾಶೆಪಡಬೇಡಿ.

ಈ ಹೆನ್ರಿ ಫೋರ್ಡ್ ದೊಡ್ಡ ಮನುಷ್ಯ ಅಂತ ಮಕ್ಕಳಿಗೆ ಹೇಳುವಾಗ ಪೂರ್ತಿ ಹೇಳಿ. 1913ರಲ್ಲಿ ಹೈಲ್ಯಾಂಡ್ ಪಾರ್ಕ್‌ನಲ್ಲಿ ಚಲಿಸುವ ಜೋಡಣಾ ಸಾಲು ತಂದು, ಒಂದು ಕಾರಿನ ಚಾಸಿ ಕೂರಿಸುವ ಹೊತ್ತನ್ನು ಹನ್ನೆರಡೂವರೆ ಗಂಟೆಯಿಂದ ಸುಮಾರು ಒಂದೂವರೆ ಗಂಟೆಗೆ ಇಳಿಸಿದವರು ಅವರೇ. 1914ರಲ್ಲಿ ದಿನಕ್ಕೆ ಐದು ಡಾಲರ್ ಸಂಬಳ ಅಂತ ಸಾರಿದವರೂ ಅವರೇ. 1920ರ ದಶಕದಲ್ಲಿ ತನ್ನ ಪತ್ರಿಕೆಯಲ್ಲಿ ಯಹೂದಿಗಳ ಮೇಲೆ ವಿಷ ಕಾರಿಸಿದವರೂ ಅವರೇ. ಒಂದು ಸಮುದಾಯದ ಮೇಲೆ ಪತ್ರಿಕೆಯಲ್ಲಿ ಸುಳ್ಳು ಬರೆದರೆ ಏನಾಗುತ್ತದೆ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಒಂದು ವಿಷಯ. ಐದು ಡಾಲರಿನ ಆಸೆಗೆ ಲೋಕದ ಎಲ್ಲ ಕಡೆಯಿಂದ ಜನ ಬಂದಾಗ ಕಂಪನಿ ಅವರಿಗೆ ಇಂಗ್ಲಿಷ್ ಶಾಲೆ ತೆರೆಯಿತು. ಪಾಸಾದವರಿಗೆ ವೇದಿಕೆಯ ಮೇಲೆ ಒಂದು ಸಮಾರಂಭ. ಅಲ್ಲಿ ದೊಡ್ಡದೊಂದು ಹಂಡೆ. ಕಾರ್ಮಿಕರು ತಮ್ಮ ತಮ್ಮ ದೇಶದ ಉಡುಪಿನಲ್ಲಿ ಬಂದು ಹಂಡೆಯೊಳಗೆ ಇಳಿಯುತ್ತಿದ್ದರು. ಮೇಷ್ಟ್ರುಗಳು ಉದ್ದದ ಸೌಟಿನಿಂದ ಕಲಕುವಂತೆ ನಟಿಸುತ್ತಿದ್ದರು. ಆಚೆ ಬದಿಯಿಂದ ಎಲ್ಲರೂ ಒಂದೇ ಥರದ ಕೋಟು ಹಾಕಿ, ಕೈಯಲ್ಲಿ ಅಮೆರಿಕದ ಬಾವುಟ ಹಿಡಿದು ಹೊರಗೆ ಬರುತ್ತಿದ್ದರು. ಅದರ ಫೋಟೊ ಉಂಟು. ನೋಡಿದರೆ ಮೊದಲು ನಗು ಬರುತ್ತದೆ, ಆಮೇಲೆ ಬರುವುದಿಲ್ಲ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರ್ಕಾರಿ ಕಾಗದದಲ್ಲಿ ಮಲಯಾಳ ಅಂತ ಬೆಳೆದ ನಮಗೆ ಆ ಹಂಡೆ ಹೊಸದಲ್ಲ. ನಮ್ಮನ್ನು ಯಾರೂ ವೇದಿಕೆ ಹತ್ತಿಸಿ ಇಳಿಸಲಿಲ್ಲ ಅಷ್ಟೇ, ನಾವೇ ಮಕ್ಕಳನ್ನು ಒಂದೊಂದಾಗಿ ಇಳಿಸುತ್ತಿದ್ದೇವೆ.

ಹಾಗಾಗಿ ಮರುದಿನ ಹೋಗಬೇಕಾದ್ದು ಅದೇ ಡಿಯರ್‌ಬಾರ್ನ್‌ನ ಅರಬ್ ಅಮೆರಿಕನ್ ನ್ಯಾಷನಲ್ ಮ್ಯೂಸಿಯಂಗೆ. 2005ರಲ್ಲಿ ತೆರೆದದ್ದು. ಹಂಡೆಯೊಳಗೆ ಇಳಿಸಲ್ಪಟ್ಟವರ ಮಕ್ಕಳು, ಮೊಮ್ಮಕ್ಕಳು ಸೇರಿ ತಮ್ಮ ಕಥೆಯನ್ನು ತಾವೇ ಹೇಳಿಕೊಂಡ ಜಾಗ. ಒಳಗೆ ರಾಜರ ಕಿರೀಟ, ಖಡ್ಗ ಹುಡುಕಬೇಡಿ. ಲೆಬನಾನ್, ಸಿರಿಯಾ, ಯೆಮೆನ್‌ಗಳಿಂದ ಬಂದವರ ಪೆಟ್ಟಿಗೆ, ಬಟ್ಟೆ, ಫೋಟೊ, ಕಾಗದ ಪತ್ರ. ಬೆನ್ನ ಮೇಲೆ ಗಂಟು ಹೊತ್ತು ಊರೂರು ತಿರುಗಿ ಸಾಮಾನು ಮಾರಿದವರ, ಕಿರಾಣಿ ಅಂಗಡಿ ಇಟ್ಟವರ, ರೂಜ್ ಕಾರ್ಖಾನೆಯಲ್ಲಿ ಬೆವರು ಸುರಿಸಿದವರ ಕಥೆ. ಬಹಳಷ್ಟು ವಸ್ತುಗಳನ್ನು ಮನೆಯವರೇ ತಂದುಕೊಟ್ಟದ್ದು. ಬ್ಯಾರ ಮಾಡಿದವರೇ ಬ್ಯಾರಿಗಳು ಅಂತ ನಮ್ಮ ಹೆಸರಿಗೆ ಅರ್ಥ ಹೇಳುತ್ತೇವಲ್ಲ, ಅಲ್ಲಿ ನಿಂತಾಗ ಇದು ಯಾರದೋ ಕಥೆ ಅಂತ ನನಗೆ ಅನಿಸಲಿಲ್ಲ.

ಆ ಊರಿನಲ್ಲಿ ಊಟದ ಚಿಂತೆ ಇಲ್ಲ. ಹಲಾಲ್ ಎಲ್ಲಿ ಸಿಗುತ್ತದೆ ಅಂತ ಕೇಳಬೇಕಾಗಿಲ್ಲ, ಬೋರ್ಡು ಅರಬಿಯಲ್ಲೇ ಇರುತ್ತದೆ. ಯೆಮೆನಿನವರ ಕಾಫಿ ಅಂಗಡಿಗಳು ರಾತ್ರಿ ಬಹಳ ಹೊತ್ತಿನವರೆಗೆ ತೆರೆದಿರುತ್ತವೆ, ಹೆಂಗಸರು ಮಕ್ಕಳೆಲ್ಲ ಕೂತಿರುತ್ತಾರೆ. ಏಲಕ್ಕಿ ಹಾಕಿದ ಕಾಫಿ ಕುಡಿಯುತ್ತ ನೆನಪಿಸಿಕೊಳ್ಳಿ: ಬಾಬಾ ಬುಡನ್ ಏಳು ಕಾಫಿ ಬೀಜ ತಂದದ್ದು ಯೆಮೆನಿನ ಮೋಖಾದಿಂದ ಅಂತ ಚಿಕ್ಕಮಗಳೂರಿನವರು ಹೇಳುವುದು. ಫೋರ್ಡ್ ರಸ್ತೆಯ ಮೇಲೆ ಇಸ್ಲಾಮಿಕ್ ಸೆಂಟರ್ ಆಫ್ ಅಮೆರಿಕ ಉಂಟು, ದೇಶದ ಅತಿ ದೊಡ್ಡ ಮಸೀದಿಗಳಲ್ಲಿ ಒಂದು. ಶಿಯಾ ಜಮಾಅತಿನದ್ದು, ನೋಡಲಿಕ್ಕೆ ಬರುವವರಿಗೂ ಸ್ವಾಗತ. ಸಾಲಾಗಿ ಪಕ್ಕದಲ್ಲೇ ಚರ್ಚುಗಳು. ಜುಮಾಗೆ ನಾನು ರೂಜ್ ಕಾರ್ಖಾನೆಯ ಬಳಿಯ ಹಳೆ ಮಸೀದಿಗೆ ಹೋಗುತ್ತಿದ್ದೆ. ಪಾಳಿ ಮುಗಿಸಿ ಬಂದವರು ಕೈಯ ಗ್ರೀಸ್ ತಿಕ್ಕುತ್ತ ವುಳೂ ಮಾಡುತ್ತಿದ್ದರು. ಡೆಟ್ರಾಯಿಟ್‌ನ ಹೊಟ್ಟೆಯೊಳಗೆ ಹ್ಯಾಮ್‌ಟ್ರಾಮಿಕ್ ಎಂಬ ಇನ್ನೊಂದು ಸಣ್ಣ ಊರು. ಹಿಂದೆ ಪೋಲೆಂಡಿನವರ ಊರು, ಈಗ ಯೆಮೆನ್ ಮತ್ತು ಬಾಂಗ್ಲಾದೇಶದವರೂ ತುಂಬಿದ್ದಾರೆ. ಮೈಕಿನಲ್ಲಿ ಬಾಂಗ್ ಕೊಡಬಹುದೇ ಎಂಬ ಜಗಳ ಅಲ್ಲೂ ಎದ್ದಿತ್ತು. 2004ರಲ್ಲಿ ಊರಿನವರೇ ಮತ ಹಾಕಿ ಕೊಡಬಹುದು ಅಂತ ತೀರ್ಮಾನಿಸಿದರು. ಮೀನು ಇಲ್ಲದೆ ಗಂಟಲಲ್ಲಿ ಅನ್ನ ಇಳಿಯದ ಉಮ್ಮಂದಿರನ್ನು ಅಲ್ಲಿನ ಬಂಗಾಲಿ ಅಂಗಡಿಗೆ ಕರೆದುಕೊಂಡು ಹೋಗಿ.

ಡೆಟ್ರಾಯಿಟ್ ಪೇಟೆಯೊಳಗೆ ಮೂರು ಜಾಗ ತಪ್ಪಿಸಬೇಡಿ.

ಒಂದು, ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್. ಚಿತ್ರಕಲೆ ನಮಗೆಂತಕ್ಕೆ ಅಂತ ಬಿಡಬೇಡಿ. ಅಲ್ಲಿ ಮೆಕ್ಸಿಕೋದ ದಿಯೇಗೊ ರಿವೇರಾ 1932-33ರಲ್ಲಿ ಒಂದು ಅಂಗಳದ ನಾಲ್ಕೂ ಗೋಡೆಗೆ 27 ಫಲಕಗಳಲ್ಲಿ ರೂಜ್ ಕಾರ್ಖಾನೆಯನ್ನು ಬರೆದಿದ್ದಾರೆ. ಉತ್ತರದ ಗೋಡೆಯಲ್ಲಿ ವಿ-8 ಎಂಜಿನ್ ತಯಾರಾಗುತ್ತಿದೆ. ಎರಕ, ಕೊರೆತ, ಕನ್ವೇಯರ್ ಎಲ್ಲ ಉಂಟು. ನಾನು ವರ್ಕ್‌ಶಾಪಿನಲ್ಲಿ ಕಂಡ ಬೆನ್ನುಗಳೇ ಅಲ್ಲಿ ಬಗ್ಗಿ ನಿಂತಿವೆ. 2013ರಲ್ಲಿ ಪಟ್ಟಣ ದಿವಾಳಿಯಾದಾಗ, ಈ ಚಿತ್ರಸಂಗ್ರಹವನ್ನು ಮಾರಿ ಸಾಲ ತೀರಿಸಿ ಅಂತ ಸಾಲಗಾರರು ಕೂತರು. ಮಾರಲಿಲ್ಲ. ದತ್ತಿ ಸಂಸ್ಥೆಗಳು, ರಾಜ್ಯ ಸರ್ಕಾರ, ಮ್ಯೂಸಿಯಂನ ದಾನಿಗಳು ಸೇರಿ 80 ಕೋಟಿ ಡಾಲರಿಗೂ ಹೆಚ್ಚು ಹೊಂದಿಸಿದರು. ಆ ದುಡ್ಡು ಹೋದದ್ದು ಪಟ್ಟಣದ ನಿವೃತ್ತ ನೌಕರರ ಪಿಂಚಣಿಗೆ. ಪಿಂಚಣಿ ಸ್ವಲ್ಪ ಕಡಿತವಾಯಿತು, ಆದರೆ ಮುಳುಗಲಿಲ್ಲ. ಚಿತ್ರಗಳೂ ಉಳಿದವು. ಅದಕ್ಕೂ ಮುಂಚೆ 2012ರಲ್ಲೇ ಸುತ್ತಲಿನ ಮೂರು ಕೌಂಟಿಗಳ ಜನ, ಮ್ಯೂಸಿಯಂ ನಡೆಯಲಿ ಅಂತ ತಮ್ಮ ಮನೆ ತೆರಿಗೆಯನ್ನು ತಾವೇ ಏರಿಸಿಕೊಂಡು ಮತ ಹಾಕಿದ್ದರು. ಅದಕ್ಕೆ ಪ್ರತಿಯಾಗಿ ಆ ಕೌಂಟಿಯವರಿಗೆ ಪ್ರವೇಶ ಉಚಿತ. ನಿಮ್ಮ ಮಗ ಅಲ್ಲಿ ಮನೆ ಮಾಡಿದ್ದರೆ ಅವನಿಗೆ ಟಿಕೆಟ್ ಬೇಡ.

ಎರಡು, ಮೋಟೌನ್ ಮ್ಯೂಸಿಯಂ. ಹಾಡು ಬೇಡ ಅನ್ನುವವರು ಬಿಟ್ಟುಬಿಡಬಹುದು, ನಾನು ಹಟ ಮಾಡುವುದಿಲ್ಲ. ಆದರೆ ಅದನ್ನು ಕಟ್ಟಿದವರ ಹೆಸರು ಬೆರಿ ಗೋರ್ಡಿ. ಬ್ಯಾರಿ ಅಂತ ಕೇಳಿ ನಾನೂ ತಿರುಗಿ ನೋಡಿದೆ! ಅಪ್ಪ ಡೆಟ್ರಾಯಿಟ್‌ನಲ್ಲಿ ಜಿನಸು ಅಂಗಡಿ ಇಟ್ಟಿದ್ದವರು. ಆ ಮನೆಯವರೆಲ್ಲ ಸೇರಿ ಉಳಿತಾಯದ ಒಂದು ಫಂಡು ನಡೆಸುತ್ತಿದ್ದರು. ಅದರಿಂದ 1959ರಲ್ಲಿ 800 ಡಾಲರ್ ಸಾಲ ತೆಗೆದು ಮಗ ಸಂಗೀತದ ಕಂಪನಿ ಶುರು ಮಾಡಿದ. ಮುಂದೆ ಅಲ್ಲಿನ ಹಾಡುಗಳನ್ನು ಲೋಕವೇ ಕೇಳಿತು. ಸಾಲ ಕೊಟ್ಟದ್ದು ಮನೆ, ಸ್ಟುಡಿಯೊ ಆದದ್ದೂ ಒಂದು ಸಣ್ಣ ವಾಸದ ಮನೆ. ಆ ಮನೆ ಇವತ್ತೂ ನಿಂತಿದೆ.

ಮೂರು, ಬೆಲ್ ಐಲ್. ಡೆಟ್ರಾಯಿಟ್ ನದಿಯ ನಡುವಿನ ದ್ವೀಪ. ಒಂದು ದಡ ಅಮೆರಿಕ, ಇನ್ನೊಂದು ದಡ ಕೆನಡಾ. ಕೆನಡಾ ಉತ್ತರಕ್ಕೆ ಅಂತ ನಾವು ಕಲಿತದ್ದು. ಡೆಟ್ರಾಯಿಟ್ ದಡದಲ್ಲಿ ನಿಂತರೆ ಅದು ದಕ್ಷಿಣಕ್ಕೆ ಕಾಣುತ್ತದೆ. ಚಾಪೆ, ಬುತ್ತಿ ತೆಗೆದುಕೊಂಡು ಹೋಗಿ, ಮಕ್ಕಳನ್ನು ಓಡಲು ಬಿಡಿ. 1904ರ ಒಂದು ಅಕ್ವೇರಿಯಂ ಉಂಟು. 2005ರಲ್ಲಿ ದುಡ್ಡಿಲ್ಲ ಅಂತ ಮುಚ್ಚಿದ್ದರು. 2012ರಲ್ಲಿ ಸ್ವಯಂಸೇವಕರ ಬಲದಿಂದ ಮತ್ತೆ ತೆರೆಯಿತು. ಅಲ್ಲಿ ಕೂತು ಆಚೆ ದಡದ ಮನೆಗಳ ದೀಪ ನೋಡುವಾಗ ನನಗೆ ತಲಪಾಡಿ ನೆನಪಾಯಿತು. 2020ರ ಕೊರೊನಾ ಕಾಲದಲ್ಲಿ ಆ ಗಡಿಯೂ ಮುಚ್ಚಿತ್ತು, ನಮ್ಮದೂ ಮುಚ್ಚಿತ್ತು. ಆಸ್ಪತ್ರೆ ಆಚೆ, ಮನೆ ಈಚೆ ಆದವರ ಸಂಕಟ ಗಡಿಯವರಿಗೇ ಗೊತ್ತು.

ಇನ್ನು ನನ್ನ ಪಟ್ಟಿಯ ಕೊನೆಯ ಜಾಗ, ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣ. 1913ರಲ್ಲಿ ತೆರೆದದ್ದು, 1988ರಲ್ಲಿ ಕೊನೆಯ ರೈಲು ಹೋಯಿತು. ಆಮೇಲೆ ಕಿಟಕಿ, ತಾಮ್ರ, ಅಮೃತಶಿಲೆ ಎಲ್ಲ ಕಿತ್ತುಕೊಂಡು ಹೋದರು. ಹಾಳು ಡೆಟ್ರಾಯಿಟ್ ಅಂದರೆ ಆ ಕಟ್ಟಡದ ಫೋಟೊ ಅಂತ ಆಗಿತ್ತು. 2018ರಲ್ಲಿ ಫೋರ್ಡ್ ಕಂಪನಿ ಅದನ್ನು ಕೊಂಡಿತು. ಆ ಸುದ್ದಿ ಬಂದ ಕೆಲವೇ ದಿನಗಳಲ್ಲಿ ಒಂದು ಅನಾಮಧೇಯ ಕರೆ ಬಂತು. ಇಪ್ಪತ್ತು ವರ್ಷಕ್ಕೂ ಹಿಂದೆ ನಿಲ್ದಾಣದಿಂದ ಕಾಣೆಯಾದ ಗಡಿಯಾರ ತನ್ನ ಹತ್ತಿರ ಉಂಟು, ವಾಪಸ್ ಕೊಡುತ್ತೇನೆ ಅಂತ. ಹೇಳಿದ ಜಾಗಕ್ಕೆ ಹೋದರೆ, ಸುಟ್ಟುಹೋದ ಒಂದು ಕಟ್ಟಡಕ್ಕೆ ಒರಗಿಸಿ, ಕಂಬಳಿ ಸುತ್ತಿ ಇಟ್ಟಿದ್ದರು. ಯಾರು ಅಂತ ಹೆಸರು ಹೇಳಲಿಲ್ಲ. 2024ರ ಜೂನ್‌ನಲ್ಲಿ ಕಟ್ಟಡ ಮತ್ತೆ ತೆರೆಯಿತು. ಒಳಗೆ ಹೋಗಿ ತಲೆ ಎತ್ತಿ ನೋಡಿ.

ಆ ಗಡಿಯಾರದ ಕಥೆ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ಈಗ ಹೇಳುತ್ತೇನೆ.

ನನ್ನ ಉಪ್ಪನದು ಮೂವತ್ತೆಂಟು ವರ್ಷ ನಡೆದ ಜಿನಸು ಅಂಗಡಿ. ಮೊಣಕಾಲು ನೋವು ಜೋರಾದ ಮೇಲೆ ಮುಚ್ಚಿದೆವು. ಅಟ್ಟದಲ್ಲಿ ಎರಡು ಗೋಣಿ ತುಂಬ ಲೆಕ್ಕದ ಪುಸ್ತಕಗಳಿದ್ದವು. ಕನ್ನಡ ಅಕ್ಷರ, ಬ್ಯಾರಿ ಶಬ್ದ. ಅರಿ ಇಷ್ಟು ಸೇರು, ತೇಂಗ ಇಷ್ಟು, ಇಂಥ ಮನೆಯವರಿಗೆ ಮಗಳ ಮದುವೆಯ ಬಾಬ್ತು ಕಡ, ಇಂಥವರು ಗಲ್ಫಿನಿಂದ ಬಂದ ಮೇಲೆ ಕೊಡುವುದು. ನೊಂಬಿನ ತಿಂಗಳಲ್ಲಿ ಕೆಲವು ಹೆಸರುಗಳ ಎದುರು ಮೊತ್ತ ಹೊಡೆದುಹಾಕಿ "ಸರಿ" ಅಂತ ಮಾತ್ರ ಬರೆದಿರುತ್ತಿತ್ತು. ಯಾರ ಹತ್ತಿರ ದುಡ್ಡಿಲ್ಲವೋ ಅವರ ಲೆಕ್ಕ ಅದು. ಬ್ಯಾರಿ, ತುಳು, ಕೊಂಕಣಿ, ಮಲಯಾಳ ಮಾತಾಡುವ ಇಡೀ ಒಂದು ಊರು ಆ ಗೋಣಿಯೊಳಗೆ ಇತ್ತು. ಡಿಪ್ಲೊಮಾ ಓದಿದ ಮಗ ನಾನು ಅದನ್ನು ಗುಜರಿಗೆ ಕೊಟ್ಟೆ, ತೂಕದ ಲೆಕ್ಕದಲ್ಲಿ. ಸಿಕ್ಕ ದುಡ್ಡಿನಲ್ಲಿ ಗೋಳಿಬಜೆ ತಂದು ಎಲ್ಲರೂ ತಿಂದೆವು. ಉಪ್ಪ ಏನೂ ಹೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು, "ಎಲ್ಲ ಕೊಟ್ಟೆಯಾ?"

ಡಿಯರ್‌ಬಾರ್ನ್‌ನ ಮ್ಯೂಸಿಯಂನಲ್ಲಿ ಗಾಜಿನ ಒಳಗೆ ಕಂಡ ಸಾಮಾನುಗಳಿಗೂ ಆ ಗೋಣಿಗೂ ವ್ಯತ್ಯಾಸ ಏನು? ಅವರ ಮನೆಯಲ್ಲಿ ಒಬ್ಬರಾದರೂ "ಇದು ಇರಲಿ" ಅಂದರು. ನಮ್ಮ ಮನೆಯಲ್ಲಿ ಯಾರೂ ಅನ್ನಲಿಲ್ಲ.

ನಮ್ಮಲ್ಲಿ ಇದಕ್ಕೆಲ್ಲ ಅಕಾಡೆಮಿ ಉಂಟಲ್ಲ, ಸರ್ಕಾರ ಉಂಟಲ್ಲ ಅನ್ನಬಹುದು. ಬ್ಯಾರಿ ಅಕಾಡೆಮಿ ಕರ್ನಾಟಕದ್ದು, ನಾವು ಗಡಿಯ ಈಚೆ. ಅವರು ಮಾಡುವ ಕೆಲಸ ದೊಡ್ಡದು, ಆದರೆ ನಮ್ಮ ಅಟ್ಟ ಹತ್ತಲಿಕ್ಕೆ ಅವರು ಬರುವುದಿಲ್ಲ. ಹಳೆ ಸಾಮಾನು ಇಟ್ಟುಕೊಳ್ಳಲು ಫ್ಲ್ಯಾಟಿನಲ್ಲಿ ಜಾಗ ಎಲ್ಲಿ ಅನ್ನುವುದೂ ನಿಜ. ಎಲ್ಲವನ್ನೂ ಇಡಬೇಕಾಗಿಲ್ಲ. ಕೊಡುವ ಮೊದಲು ಫೋನಿನಲ್ಲಿ ಪುಟ ಪುಟವಾಗಿ ಫೋಟೊ ತೆಗೆಯಲು ಒಂದು ಮಧ್ಯಾಹ್ನ ಸಾಕು. ಉಮ್ಮಾಮನ ಅಲಿಕತ್ತು ಮುರಿಸಿ ಹೊಸ ಬಳೆ ಮಾಡಿಸುವ ಮೊದಲು ಆಕೆಯ ಕಿವಿಯಲ್ಲೇ ಅದನ್ನೊಮ್ಮೆ ಫೋಟೊ ಹಿಡಿಯಿರಿ, ಯಾವ ವರ್ಷ, ಯಾರು ಕೊಟ್ಟದ್ದು ಅಂತ ಆಕೆಯ ಬಾಯಿಂದಲೇ ಬ್ಯಾರಿಯಲ್ಲಿ ಹೇಳಿಸಿ ರೆಕಾರ್ಡ್ ಮಾಡಿ. ಅಮೆರಿಕಕ್ಕೆ ಹೋಗುವವರು ಮೊಮ್ಮಕ್ಕಳಿಗೆ ಹಲ್ವ, ಚಿಪ್ಸ್ ಜೊತೆಗೆ ಅದನ್ನೂ ಒಯ್ಯಿರಿ. ಅಲ್ಲಿ ಹಂಡೆ ಈಗಲೂ ಒಲೆಯ ಮೇಲೆಯೇ ಉಂಟು, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಕೊನೆಗೊಂದು ಸ್ವಂತ ಬೇಡಿಕೆ. ಆಗಿನ ಕಾಲದಲ್ಲಿ ಕಡ ತೆಗೆದುಕೊಳ್ಳುವ ಮನೆಗೊಂದು ಸಣ್ಣ ಪುಸ್ತಕ ಕೊಡುವ ಕ್ರಮ ಇತ್ತು. ಅಂಗಡಿಯ ಪುಸ್ತಕದಲ್ಲಿ ಬರೆದದ್ದನ್ನೇ ಅದರಲ್ಲೂ ಬರೆಯುತ್ತಿದ್ದರು. ನಾನು ಮಾರಿದ್ದು ನಮ್ಮ ಪ್ರತಿಯನ್ನು. ನಿಮ್ಮ ಪ್ರತಿ ನಿಮ್ಮ ಮನೆಯ ಪೆಟ್ಟಿಗೆಯ ಅಡಿಯಲ್ಲಿ, ರೇಷನ್ ಕಾರ್ಡಿನ ಜೊತೆ ಎಲ್ಲಾದರೂ ಇರಬಹುದು. ನಮ್ಮ ಅಂಗಡಿಯದ್ದಾಗಲಿ, ಬೇರೆಯವರ ಅಂಗಡಿಯದ್ದಾಗಲಿ, ಸಿಕ್ಕಿದರೆ ಎಸೆಯಬೇಡಿ. ನನಗೆ ಕೊಡಬೇಕೆಂದೂ ಇಲ್ಲ, ನಿಮ್ಮಲ್ಲೇ ಇರಲಿ. ಉಪ್ಪನ ಅಕ್ಷರ ಇದ್ದ ಪುಸ್ತಕವಾದರೆ ಮಾತ್ರ ಒಂದು ಸಂಜೆ ಮನೆಗೆ ತನ್ನಿ. ಅವರಿಗೆ ಈಗ ಕಣ್ಣು ಮಂಜು. ಆದರೆ ಮನೆ ಹೆಸರು ಓದಿ ಹೇಳಿದರೆ, ಆ ವರ್ಷ ಆ ಮನೆಯಲ್ಲಿ ಯಾರ ಮದುವೆ ಅಂತ ಅವರು ಈಗಲೂ ಹೇಳುತ್ತಾರೆ.